ಅಜ್ಜಿಯ ಮೊರ, ಓಮನ ಲೆಕ್ಕ

ನಾನು ಹುಡುಗನಾಗಿದ್ದಾಗ ಸೋಲೂರಿನಲ್ಲಿ ‘ಕರೆಂಟ್’ ಎಂಬ ಒಂದೇ ಪದಕ್ಕೆ ಇಡೀ ವಿದ್ಯುಚ್ಛಾಸ್ತ್ರ ಮುಗಿದುಹೋಗುತ್ತಿತ್ತು. ದೀಪ ಹತ್ತದಿದ್ದರೆ ಕರೆಂಟಿಲ್ಲ, ಮಂಕಾಗಿ ಉರಿದರೆ ಕರೆಂಟ್ ಕಮ್ಮಿ, ಮುಟ್ಟಿ ಚೀರಿದರೆ ಕರೆಂಟ್ ಹೊಡೀತು, ತಿಂಗಳಿಗೊಮ್ಮೆ ಬರುವುದು ಕರೆಂಟ್ ಬಿಲ್ಲು. ಹತ್ತನೇ ಕ್ಲಾಸಿನಲ್ಲಿ ಮೇಷ್ಟ್ರು ಬಂದು ಇದನ್ನು ಪಾಲು ಮಾಡಿದರು. ತಳ್ಳುವುದು ವೋಲ್ಟೇಜು, ಹರಿಯುವುದು ಕರೆಂಟ್, ಅಡ್ಡ ಹಾಕುವುದು ರೋಧ. ಕಂದಾಯಕ್ಕೆ ಮಾಗಡಿ, ಓಟಿಗೆ ನೆಲಮಂಗಲ ಎಂದು ಮುಂದೆ ತಾನೇ ಪಾಲಾಗಲಿದ್ದ ಊರು ನಮ್ಮದು. ಅದಕ್ಕೇ ಇರಬೇಕು, ಪಾಠ ಬೇಗ ತಲೆಗೆ ಹತ್ತಿತು.

ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ, ಗುಣಿಸಿದರೆ ವ್ಯಾಟು. ಇಷ್ಟೇ. ಇದರಲ್ಲಿ ಭಾಗಾಕಾರದ ನಿಯಮವನ್ನು 1827ರಲ್ಲಿ ಪುಸ್ತಕ ಮಾಡಿದ ಜಾರ್ಜ್ ಸೈಮನ್ ಓಮ್ ಕೂಡ ಜರ್ಮನಿಯ ಒಬ್ಬ ಶಾಲಾ ಮೇಷ್ಟ್ರೇ. ಮೊದಲು ಯಾರೂ ಅವನಿಗೆ ಸೊಪ್ಪು ಹಾಕಲಿಲ್ಲ. ಲಂಡನ್ನಿನ ರಾಯಲ್ ಸೊಸೈಟಿ ಪದಕ ಕೊಡುವ ಹೊತ್ತಿಗೆ 1841 ಆಗಿತ್ತು. (ಓಮ್ ಮತ್ತು ಓಂಕಾರದ ಜೋಕನ್ನು ನಮ್ಮ ಮೇಷ್ಟ್ರು ವರ್ಷವರ್ಷವೂ ಹೇಳುತ್ತಿದ್ದರು. ಅದನ್ನು ಇಲ್ಲಿಗೆ ತರುವುದಿಲ್ಲ.)

ನಮ್ಮ ನಡುಮನೆಯಲ್ಲಿ ಇದ್ದದ್ದು 60 ವ್ಯಾಟಿನ ಒಂದು ಬಲ್ಬು. 230 ವೋಲ್ಟಿಗೆ ಕಾಲು ಆಂಪಿಯರಿಗಿಂತ ಚೂರು ಹೆಚ್ಚು ಕರೆಂಟ್, ರೋಧ ಸುಮಾರು 880 ಓಮ್. ಪುಸ್ತಕದ ಪ್ರಕಾರ. ಪುಸ್ತಕವನ್ನು ನಂಬುವ ವಯಸ್ಸಲ್ಲವಲ್ಲ ಅದು. ಮೋಟರ್ ವೈಂಡಿಂಗ್ ಅಂಗಡಿಯ ಮಾಮನ ಕೈಕಾಲು ಹಿಡಿದು ಮೀಟರ್ ತಂದು, ಬಲ್ಬು ಬಿಚ್ಚಿ ಅಳೆದೆ. ಮುಳ್ಳು ತೋರಿಸಿದ್ದು 65 ಓಮ್! ಮತ್ತೆ ಅಳೆದೆ. 65. ಸ್ಲೇಟು ತೆಗೆದು ಲೆಕ್ಕ ಹಾಕಿದೆ: 230ನ್ನು 65ರಿಂದ ಭಾಗಿಸಿದರೆ ಮೂರೂವರೆ ಆಂಪಿಯರ್, ಅದನ್ನು 230ರಿಂದ ಗುಣಿಸಿದರೆ 814 ವ್ಯಾಟ್. ನಮ್ಮ ಬಲ್ಬು ಇಸ್ತ್ರಿಪೆಟ್ಟಿಗೆಯಷ್ಟು ಕರೆಂಟು ಕುಡಿಯುತ್ತಿದೆ ಎಂದು ಮನೆಯಲ್ಲಿ ಸಾರಿದೆ. ಅಪ್ಪ ಗಾಬರಿಯಾಗಿ ಎರಡು ರಾತ್ರಿ ಲಾಟೀನು ಹಚ್ಚಿಸಿದರು.

ಮಾಮ ನಕ್ಕ. “ತಣ್ಣಗಿರೋದ್ನ ಅಳ್ದಿದ್ದೀಯ ಕಣ್ಲಾ. ಅದು ಕಾದ್ಮೇಲೆ ಬೇರೆ.” ಬಲ್ಬಿನೊಳಗಿನ ಟಂಗ್‌ಸ್ಟನ್ ತಂತಿ ಎರಡು ಸಾವಿರ ಡಿಗ್ರಿಗೂ ಮೀರಿ ಕಾಯುತ್ತದಂತೆ, ಕಾದಷ್ಟೂ ರೋಧ ಏರುತ್ತದಂತೆ. ಸ್ವಿಚ್ಚು ಒತ್ತಿದ ಕ್ಷಣ ಮಾತ್ರ ನನ್ನ 814 ನಿಜ. ಕಣ್ಣು ಮಿಟುಕಿಸುವುದರೊಳಗೆ ಅದು 60ಕ್ಕೆ ಇಳಿದಿರುತ್ತದೆ. ಹಳೆಯ ಬಲ್ಬುಗಳು ಸ್ವಿಚ್ಚು ಹಾಕುವಾಗಲೇ ‘ಟಪ್’ ಎನ್ನುತ್ತಿದ್ದುದರ ಗುಟ್ಟೂ ಅದೇ.

ಇನ್ನು 230 ವೋಲ್ಟು ಎನ್ನುವುದು ಪುಸ್ತಕದ ಮಾತು. ತ್ರೀ ಫೇಸ್ ಬಿಟ್ಟ ಕೂಡಲೇ ತೋಟದ ಮೋಟರುಗಳೆಲ್ಲ ಒಟ್ಟಿಗೆ ಎದ್ದು, ಮನೆಯಲ್ಲಿ 150 ಉಳಿದರೆ ಪುಣ್ಯ. ಆಗ ಬಲ್ಬಿಗೆ ಹೋಗುವ ವ್ಯಾಟು ಅರ್ಧಕ್ಕೆ ಇಳಿದರೆ, ಬೆಳಕು ಕಾಲುಭಾಗಕ್ಕೆ ಇಳಿಯುತ್ತಿತ್ತು. ಮೋಟರಿನದು ತದ್ವಿರುದ್ಧ ಸ್ವಭಾವ. ವೋಲ್ಟೇಜು ಕಮ್ಮಿಯಾದರೂ ನೀರೆತ್ತುವ ಹಟ ಬಿಡದೆ ಹೆಚ್ಚು ಕರೆಂಟು ಎಳೆದು, ಕಾಯಿಲ್ ಸುಟ್ಟುಕೊಂಡು ಮಾಮನ ಅಂಗಡಿ ಸೇರುತ್ತಿತ್ತು. ವಾರ್ನಿಷ್ ಕರಕಲಾದ ಆ ವಾಸನೆ ಈಗಲೂ ನನಗೆ ಬೇಸಿಗೆಯ ವಾಸನೆ. ದೂರಕ್ಕೆ ಕರೆಂಟು ಕಳಿಸಬೇಕಾದರೆ ವೋಲ್ಟೇಜು ಏರಿಸಬೇಕು, ಕರೆಂಟು ಇಳಿಸಬೇಕು, ಇಲ್ಲದಿದ್ದರೆ ತಂತಿಯಲ್ಲೇ ಶಾಖವಾಗಿ ಹೋಗುತ್ತದೆ ಎಂಬುದನ್ನು ತಿಳಿದೇ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸಾವಿರಾರು ವೋಲ್ಟಿನಲ್ಲಿ ಕಳಿಸಿದರು. ಅಷ್ಟು ದೂರ ಹೋದದ್ದು ಊರ ಟ್ರಾನ್ಸ್‌ಫಾರ್ಮರಿನಿಂದ ನಮ್ಮ ಮನೆಯ ತನಕ ಬರಲಾರದೆ ಸೊರಗುತ್ತಿತ್ತು.

ಅಜ್ಜಿಗೆ ಇದಕ್ಕೆಲ್ಲ ಮೀಟರು ಬೇಕಿರಲಿಲ್ಲ. ಸಂಜೆ ಬಲ್ಬಿನ ಕೆಳಗೆ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದಳು. ಬಿಳಿ ಕಲ್ಲು ಕಂಡರೆ ಕರೆಂಟು ಚೆನ್ನಾಗಿದೆ. ಕರಿ ಕಲ್ಲಷ್ಟೇ ಕಂಡರೆ ಸುಮಾರು. ನೆಲ್ಲೂ ಕಾಣದಿದ್ದರೆ ಮೊರ ಸರಿಸಿ, “ನಾಳೆಗೆ ಮುದ್ದೇನೇ ಸಾಕು ಬುಡ್ಲಾ” ಎನ್ನುವಳು. ಬಲ್ಬು ಒಮ್ಮೆ ಬಳುಕಿ ಕುಗ್ಗಿದರೆ ತಲೆ ಎತ್ತದೆಯೇ, “ಮೇಲ್ಗಡೆ ತೋಟ್ದೋರು ಮೋಟ್ರು ಹಾಕುದ್ರು” ಎನ್ನುವಳು. ಹೋಗಿ ನೋಡಿದರೆ ಪೈಪಿನಲ್ಲಿ ನೀರು ಬೀಳುತ್ತಿರುತ್ತಿತ್ತು.

ಬಲ್ಬು ಹೋದರೂ ಬಿಸಾಡಲು ಬಿಡುತ್ತಿರಲಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ತುಂಡಾದ ತಂತಿಯ ತುದಿ ಇನ್ನೊಂದಕ್ಕೆ ತಗುಲುವ ಹಾಗೆ ವಾಲಿಸಿ, ಮೆಲ್ಲಗೆ ಹೋಲ್ಡರಿಗೆ ಹಾಕಿಸುವಳು. ಹತ್ತಿಕೊಂಡರೆ ಮೊದಲಿಗಿಂತ ಝಗ್ಗನೆ ಉರಿಯುತ್ತಿತ್ತು! ತಂತಿ ಗಿಡ್ಡವಾಯಿತು, ರೋಧ ಕಮ್ಮಿಯಾಯಿತು, ಕರೆಂಟು ಹೆಚ್ಚು ಹರಿಯಿತು, ವ್ಯಾಟು ಏರಿತು ಎಂದು ನಾನು ವಿವರಿಸಿದೆ. “ಹೂಂ, ಇನ್ನು ನಾಕು ದಿನ ಉರೀತದೆ. ಅಕ್ಕಿ ತತ್ತಾ” ಎಂದಳು. ಮೂರೇ ದಿನ ಉರಿಯಿತು.

ಈಗ ಊರ ಮನೆಯಲ್ಲಿ 9 ವ್ಯಾಟಿನ ಎಲ್‌ಇಡಿ. ವೋಲ್ಟೇಜು 150 ಇದ್ದರೂ 230 ಇದ್ದರೂ ಒಂದೇ ಮುಖ ಅದಕ್ಕೆ. ಮೇಲ್ಗಡೆ ತೋಟದವರು ಮೋಟರು ಹಾಕಿದರೋ ಇಲ್ಲವೋ, ಅದನ್ನು ನೋಡಿ ಹೇಳಲಾಗುವುದಿಲ್ಲ. ಅಂಗಡಿ ಅಕ್ಕಿಯಲ್ಲಿ ಕಲ್ಲೂ ಇಲ್ಲ. ಹೋದ ಬೇಸಿಗೆ ಅಟ್ಟ ಗುಡಿಸುವಾಗ ಅಜ್ಜಿಯ ಮೊರ ಸಿಕ್ಕಿತು, ಅದರೊಳಗೆ ಬಟ್ಟೆ ಸುತ್ತಿದ ಒಂದು ಬಲ್ಬು. ಮೀಟರ್ ಹಿಡಿದರೆ ಏನೂ ತೋರಿಸಲಿಲ್ಲ, ತಂತಿ ತುಂಡಾಗಿದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತ ಕೂತಿದ್ದೆ. ಎಷ್ಟು ವಾಲಿಸಬೇಕೆಂದು ಅವಳು ಹೇಳಿಕೊಟ್ಟಿರಲಿಲ್ಲ.