ವಿಜಯಪುರಕ್ಕೆ ಎರಡು ದಿನ

ಘಟಪ್ರಭೆಯ ಒಡ್ಡಿನ ಮಗ್ಗುಲಲ್ಲಿರುವ ನಮ್ಮ ಧುಪದಾಳಕ್ಕೆ ವಿಜಯಪುರವು ದೂರದ ಊರೇನಲ್ಲ. ಗೋಕಾಕ, ಮಹಾಲಿಂಗಪುರ, ಜಮಖಂಡಿಗಳ ಮೇಲೆ ಸಾಗಿದರೆ ನೂರೈವತ್ತು ಕಿಲೋಮೀಟರಿನ ಆಸುಪಾಸಿನ ಹಾದಿ. ಆದರೂ ನಮ್ಮ ಮನೆಯವರಾರೂ ಅದನ್ನು ಕಂಡವರಲ್ಲ. ತಂದೆಯವರು ವರ್ಷವರ್ಷವೂ “ಈ ಸಲ ಹೋಗೂಣು” ಎನ್ನುತ್ತಿದ್ದರು. ಕಬ್ಬಿನ ಕಟಾವೋ ಬಂಧುಗಳ ಲಗ್ನವೋ ಅಡ್ಡ ಬರುತ್ತಿತ್ತು. ಅವರು ಲಿಂಗೈಕ್ಯರಾಗಿ ಮೂರು ವರ್ಷಗಳು ಸಂದವು. ಅವ್ವನ ಮೊಣಕಾಲಿನ ಬೇನೆ ಹೆಚ್ಚುತ್ತಿರುವುದನ್ನು ಕಂಡು, ಇನ್ನು ಮುಂದೂಡಬಾರದೆಂದು ಈ ಡಿಸೆಂಬರಿನಲ್ಲಿ ಎರಡು ದಿನಗಳ ಪ್ರವಾಸವನ್ನು ನಿಶ್ಚಯಿಸಿದ್ದೇವೆ.

ಮಕ್ಕಳು ಮೊದಲು ಬರೆದ ಪಟ್ಟಿಯಲ್ಲಿ ಹದಿನಾಲ್ಕು ಸ್ಥಳಗಳಿದ್ದವು. ಅದನ್ನು ಕೇಳಿದ ಅವ್ವ, “ಇಷ್ಟ ಓಡ್ಯಾಡಿದ್ರ ಗಾಡಿ ಇಳಿಯೂದು ಹತ್ತೂದ ಆಗ್ತೈತಿ. ನೋಡೂದು ಯಾವಾಗ?” ಎಂದಳು. ಆ ಮಾತೇ ನಮ್ಮ ಯೋಜನೆಗೆ ಬುನಾದಿಯಾಯಿತು.

ಬೇಸಿಗೆಯಲ್ಲಿ ಅಲ್ಲಿಯ ಕಲ್ಲುಹಾಸು ಅಂಗಾಲನ್ನು ಸುಡುತ್ತದೆ. ಜನವರಿಯ ಸಂಕ್ರಮಣಕ್ಕೆ ಸಿದ್ಧೇಶ್ವರ ಜಾತ್ರೆಯಿರುವುದರಿಂದ ಆಗ ವಸತಿ ದೊರೆಯುವುದು ಕಷ್ಟ. ಶುಕ್ರವಾರ ಗೋಳಗುಮ್ಮಟದ ಮುಂದಿನ ವಸ್ತುಸಂಗ್ರಹಾಲಯಕ್ಕೆ ಬಿಡುವು. ಇವೆಲ್ಲವನ್ನೂ ಎಣಿಸಿ ಬುಧವಾರ, ಗುರುವಾರಗಳನ್ನು ಆರಿಸಿಕೊಂಡೆವು. ನಸುಕಿನಲ್ಲಿ ಹೊರಟು ಚಿಕ್ಕಪಡಸಲಗಿಯ ಬಳಿ ಕೃಷ್ಣೆಯನ್ನು ದಾಟುವಾಗ ತುಸು ನಿಲ್ಲಬೇಕೆಂಬುದು ನಮ್ಮ ಆಸೆ. ಸರಕಾರದ ಹಾದಿ ಕಾಯದೆ ರೈತರು ತಾವೇ ಹಣ ಕೂಡಿಸಿ, ಮೈಮುರಿದು ದುಡಿದು 1989ರಲ್ಲಿ ಕಟ್ಟಿದ ಬ್ಯಾರೇಜು ಅಲ್ಲಿದೆ. ಕಾಲುವೆಯ ನೀರುಂಡು ಬೆಳೆದ ನಮ್ಮ ಮಕ್ಕಳು ಅದನ್ನು ಕಾಣಲೇಬೇಕು.

ಊರಿನ ಕೋಟೆಗೋಡೆಯ ಸುತ್ತಳತೆ ಹತ್ತು ಕಿಲೋಮೀಟರಿನಷ್ಟು. ಅತ್ತಿತ್ತ ಅಲೆದರೆ ಹೊತ್ತು ಹಾದಿಯಲ್ಲಿಯೇ ಕಳೆಯುತ್ತದೆ. ಆದ್ದರಿಂದ ಮೊದಲ ದಿನ ಮಧ್ಯಾಹ್ನ ಪಡುವಣ ಭಾಗ, ಮರುದಿನ ಬೆಳಿಗ್ಗೆ ಮೂಡಣ ಭಾಗವೆಂದು ಹಂಚಿದೆವು. ಪಡುವಣದಲ್ಲಿ ಇಬ್ರಾಹಿಂ ರೋಜಾ ಮುಖ್ಯವಾದುದು. 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲಶಾಹನ ಸಮಾಧಿಯಿದು. ಸಂಗೀತಪ್ರಿಯನಾದ ಈತನನ್ನು ಜನರು ಜಗದ್ಗುರುವೆಂದು ಕರೆದರು. ಈತನು ರಚಿಸಿದ ‘ಕಿತಾಬ್-ಎ-ನವರಸ್’ ಸರಸ್ವತಿಯನ್ನು ನೆನೆಯುತ್ತದೆ. ಬಳಿಕ 1620ರ ತಾಜ್ ಬಾವಡಿ. ನಮ್ಮೂರಂತೆ ಹೊಳೆಯಿಲ್ಲದ ಆ ಊರು ಬಾವಿ, ಕೆರೆ, ನೆಲದಡಿಯ ಕಾಲುವೆಗಳಿಂದ ನೀರುಂಡ ಬಗೆಯನ್ನು ಅಲ್ಲಿ ನಿಂತು ಅರಿಯಬಹುದು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ ತೋಪನ್ನು ಕಂಡು ಆ ದಿನವನ್ನು ಮುಗಿಸುವುದು. ಅಲ್ಲಿಂದ ವಸತಿಗೆ ಟಾಂಗಾದಲ್ಲಿ ಮರಳಬೇಕೆಂಬುದು ಕಿರಿಯವಳ ಹಟ, ಅದಕ್ಕೂ ಒಪ್ಪಿದ್ದೇವೆ.

ಮರುದಿನ ಬಾಗಿಲು ತೆರೆಯುವ ಹೊತ್ತಿಗೇ ಗೋಳಗುಮ್ಮಟ. 1656ರಲ್ಲಿ ತೀರಿಕೊಂಡ ಮಹಮ್ಮದ ಆದಿಲಶಾಹನ ಸಮಾಧಿ. ಹೊರಗಿನಿಂದ ಸುಮಾರು 44 ಮೀಟರು ಅಡ್ಡಳತೆಯ ಗುಮ್ಮಟಕ್ಕೆ ಒಳಗೆ ಒಂದು ಕಂಬದ ಆಸರೆಯೂ ಇಲ್ಲ. ಮೇಲಿನ ಮೊಗಸಾಲೆಯಲ್ಲಿ ಪಿಸುನುಡಿದ ಮಾತು ಎದುರು ಬದಿಗೆ ಕೇಳಿಸುತ್ತದೆ. ಆದರೆ ಜನರು ನೆರೆದು ಕೂಗಾಡತೊಡಗಿದರೆ ಏನೂ ಕೇಳಿಸದು. ಬೇಗ ಹೋಗುವ ಕಾರಣ ಇದೇ. ಮೂಲೆಗೋಪುರದ ಇಕ್ಕಟ್ಟಿನ ಮೆಟ್ಟಿಲುಗಳನ್ನು ಅವ್ವ ಏರಲಾರಳು. “ನೀವು ಹೋಗಿ ಬರ್ರಿ, ನಾ ಕೆಳಗ ಕುಂತು ನೋಡ್ತೇನಿ” ಎಂದಳು. ಮಕ್ಕಳು ಏರುವಾಗ ನಮ್ಮಲ್ಲೊಬ್ಬರು ಅವಳೊಡನೆ ಕೆಳಗಿರುವುದೆಂದು ತೀರ್ಮಾನವಾಯಿತು.

ಅವ್ವ ತನಗಾಗಿ ಕೇಳಿದ್ದು ಒಂದೇ. ತಂದೆಯವರು ದಿನವೂ ಓದುತ್ತಿದ್ದ ವಚನಗಳನ್ನು ಮನೆಮನೆಯ ತಾಡೋಲೆಗಳಿಂದ ಹುಡುಕಿ ತೆಗೆದ ಫ.ಗು. ಹಳಕಟ್ಟಿಯವರ ಕಾರ್ಯಕ್ಷೇತ್ರ ಆ ಊರೇ. ವಕೀಲಿ ಮಾಡುತ್ತಿದ್ದ ಅವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು; ಮುಂದೆ ಇದ್ದ ಮನೆಯನ್ನೂ ಮಾರಿ ಮುದ್ರಣಾಲಯ ಹಾಕಿದರು; 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅವರ ಹೆಸರಿನ ಸಂಶೋಧನ ಕೇಂದ್ರ ಅಲ್ಲಿದೆ. ನೋಡಲು ಅನುಕೂಲವಾಗುವ ವೇಳೆಯನ್ನು ಮೊದಲೇ ವಿಚಾರಿಸಿ, ಊರು ಬಿಡುವ ಮುನ್ನ ಅಲ್ಲಿಗೆ ಹೋಗಲಿದ್ದೇವೆ. ಮೆಟ್ಟಿಲು ಏರಲಾರದ ಅವ್ವನಿಗಾಗಿ ಗೋಳಗುಮ್ಮಟದ ನಂತರದ ಆ ಹೊತ್ತನ್ನೆಲ್ಲ ಮೀಸಲಿಟ್ಟಿದ್ದೇವೆ.

ಬಾರಾ ಕಮಾನು, ಜಾಮಿ ಮಸೀದೆ, ಉಪ್ಪಲಿ ಬುರುಜುಗಳು ಈ ಸಲ ಉಳಿದವು. ಹದಿನಾಲ್ಕರಲ್ಲಿ ಐದೇ ಉಳಿದುದಕ್ಕೆ ಮಕ್ಕಳಿಗೆ ಮುನಿಸು. “ಉಳದದ್ದಕ್ಕ ಮತ್ತೊಮ್ಮೆ ಹೋಗೂಣು” ಎಂದು ಅವ್ವ ಸಮಾಧಾನ ಹೇಳಿದಳು. ಆ ಮಾತನ್ನು ಕೇಳಿದಾಗ ನಮಗೆ ತಂದೆಯವರ ನೆನಪಾಯಿತು. ಮತ್ತೊಮ್ಮೆ ಹೋಗುವುದು ಆದೀತೋ ಇಲ್ಲವೋ ಬಲ್ಲವರಾರು? ಈ ಸಲವಂತೂ ಹೊರಡುತ್ತಿದ್ದೇವೆ. ರೊಟ್ಟಿಯ ಬುತ್ತಿ, ಶೇಂಗಾ ಚಟ್ನಿ, ಅವ್ವನ ಊರುಗೋಲು ಸಿದ್ಧವಾಗಿವೆ. ಹಿರಿಯರು ಮನೆಯಲ್ಲಿರುವ ಓದುಗ ಬಂಧುಗಳಲ್ಲಿ ನಮ್ಮ ಅರಿಕೆಯಿಷ್ಟೇ: ಅವರ ಕಾಲಲ್ಲಿ ಕಸುವಿರುವಾಗಲೇ, ಹತ್ತಿರದ ಊರಿಗಾದರೂ ಅವರನ್ನು ಕರೆದೊಯ್ಯಿರಿ.