ಕಟ್ಟಿದ್ದು, ಕಟ್ಟಿಸಿದ್ದು

ನೋಡದ ಮನೆಗಳು: 6

(1/4)

ಮೊದಲೇ ಹೇಳಿಬಿಡ್ತೀನಿ, ಈ ಮನೇನ ನಾನು ಕಣ್ಣಾರೆ ನೋಡಿಲ್ಲ. ನನ್ನ ಹತ್ರ ಪಾಸ್‌ಪೋರ್ಟೇ ಇಲ್ಲ. ಫೋಟೊ ನೋಡ್ಕೊಂಡು ಕಾಸ್ಟ್ ಅಕೌಂಟಿಂಗ್ ನೋಟ್ಸ್‌ನ ಹಿಂದಿನ ಹಾಳೆಗಳಲ್ಲಿ ಬಿಡಿಸಿದ ಚಿತ್ರಗಳಿವು. ಡೆಬಿಟ್ ಕ್ರೆಡಿಟ್ ಗೆರೆ ಹಿಂದಿನಿಂದ ಕಾಣಿಸ್ತಿದ್ರೆ ಅಡ್ಜಸ್ಟ್ ಮಾಡ್ಕೊಳ್ಳಿ.

ಮನೆ ಹೆಸರು ಲಿಟಲ್ ಮೋರ್ಟನ್ ಹಾಲ್. ಇಂಗ್ಲೆಂಡಿನ ಚೆಷೈರ್‌ನಲ್ಲಿ, ಕಾಂಗಲ್ಟನ್ ಅನ್ನೋ ಊರಿನ ಹತ್ತಿರ. ಸುತ್ತಲೂ ಸುಮಾರು 33 ಅಡಿ ಅಗಲದ, ನೀರು ತುಂಬಿದ ಕಂದಕ. ಸೇತುವೆ ದಾಟಿದರೆ ಹೆಬ್ಬಾಗಿಲು, ಒಳಗೆ ಕಲ್ಲು ಹಾಸಿದ ಅಂಗಳ. 1500ರ ನಂತರದ ಕೆಲವೇ ವರ್ಷಗಳಲ್ಲಿ ಶುರುವಾದ ಕೆಲಸ ಸುಮಾರು 1610ರವರೆಗೆ ನಡೀತು. ಮೋರ್ಟನ್ ಅನ್ನೋ ಜಮೀನ್ದಾರ ಮನೆತನದಲ್ಲಿ ಅಪ್ಪ ಒಂದು ಭಾಗ ಕಟ್ಟಿಸಿದರೆ, ಮಗ ಇನ್ನೊಂದು ಸೇರಿಸೋನು.

ಇಡೀ ಮನೆ ನಿಂತಿರೋದು ಓಕ್ ಮರದ ಚೌಕಟ್ಟಿನ ಮೇಲೆ. ಗೋಡೆ ಭಾರ ಹೊರೋದಿಲ್ಲ, ಮರ ಹೊರುತ್ತೆ. ಗೋಡೆ ಅಂದ್ರೆ ಮರದ ನಡುವಿನ ಸಂದು ಮುಚ್ಚೋ ತುಂಬುವಿಕೆ, ಅಷ್ಟೇ. ಮೊದಲನೇ ಚಿತ್ರದಲ್ಲಿ ಓರೆ ಪಟ್ಟಿಗಳು ಕಾಣ್ತಿದೆಯಲ್ಲ? ಕೆಲವು ಬಾಣದ ಮೊನೆ ಥರ, ಕೆಲವು ಕಡ್ಲೆಬರ್ಫಿ ಕತ್ತರಿಸಿದ ಹಾಗೆ, ಕೆಲವು ನಾಲ್ಕೆಸಳಿನ ಹೂವು. ಅದನ್ನ ಬಿಡಿಸೋಕೇ ಎರಡು ಸಂಜೆ ಹಿಡೀತು. ಕಿಟಕಿ ಗಾಜಿನ ಚೂರುಗಳ ಲೆಕ್ಕ ಇಟ್ಟಿದಾರೆ, 30,004 ಅಂತೆ. ಅದನ್ನ ಬಿಡಿಸಿಲ್ಲ, ಕ್ಷಮಿಸಿ.

ಇನ್ನೊಂದು ವಿಷಯ. ಈ ಕಪ್ಪು ಬಿಳುಪು ಮೂಲದ್ದಲ್ಲ. ಮರಕ್ಕೆ ಕಪ್ಪು, ಗೋಡೆಗೆ ಬಿಳಿ ಬಳಿಯೋ ಅಭ್ಯಾಸ ಬಂದಿದ್ದು 19ನೇ ಶತಮಾನದಲ್ಲಿ. ಅದಕ್ಕೂ ಮುಂಚೆ ಮರಾನ ಹಾಗೇ ಬಿಡ್ತಿದ್ರು. ಬಿಸಿಲು ಮಳೆಗೆ ಅದು ಬೆಳ್ಳಿ ಬೂದು ಬಣ್ಣಕ್ಕೆ ತಿರುಗ್ತಿತ್ತು. ಗೋಡೆಗೆ ಕಾವಿ ಹಳದಿ ಇರ್ತಿತ್ತು.

(2/4)

ನಾನು ಚಿತ್ರ ಬಿಡಿಸ್ತಾ ಇದ್ದಾಗ ಅಪ್ಪ ಕೆಲಸದಿಂದ ಬಂದ್ರು. ಕೈಕಾಲು ತೊಳ್ಕೊಂಡು, ಕಾಫಿ ಲೋಟ ಹಿಡ್ಕೊಂಡು ನನ್ನ ಪಕ್ಕ ನಿಂತು ಫೋನ್ ನೋಡಿದ್ರು. ಫೋಟೊನ ದೊಡ್ಡದು ಮಾಡಿ, ಇನ್ನೂ ದೊಡ್ಡದು ಮಾಡಿ, "ಇದು ಮೊಳೆ ಹೊಡೆದಿರೋ ಕೆಲಸ ಅಲ್ಲ ಕಣೆ" ಅಂದ್ರು.

ಹೌದು, ಅಲ್ಲ. ಒಂದು ಮರದ ತುದಿನ ನಾಲಿಗೆ ಥರ ಕೆತ್ತಿ, ಇನ್ನೊಂದರ ತೂತಿಗೆ ಕೂರಿಸಿ, ಅಡ್ಡಲಾಗಿ ಮರದ್ದೇ ಗೂಟ ಹೊಡೆಯೋದು. ಇಂಥ ಮನೆಗಳ ಚೌಕಟ್ಟನ್ನ ಮೊದಲು ನೆಲದ ಮೇಲೆ ಮಲಗಿಸಿ ಜೋಡಿಸಿ, ಒಂದೊಂದು ಮರಕ್ಕೂ ಗುರುತು ಕೆತ್ತಿ, ಬಿಚ್ಚಿ, ಆಮೇಲೆ ಜಾಗದಲ್ಲಿ ಎತ್ತಿ ನಿಲ್ಲಿಸ್ತಿದ್ರು. ಅದೂ ಹಸಿ ಓಕ್‌ನಲ್ಲಿ. ಒಣಗಿದ ಓಕ್ ಉಳಿಗೆ ಸುಲಭಕ್ಕೆ ಬಗ್ಗಲ್ಲ.

"ಹಸಿ ಮರದಲ್ಲಾ? ನಾನು ಹಸಿ ಮರದಲ್ಲಿ ಬಾಗಿಲು ಮಾಡಿದ್ರೆ ಓನರ್ ದುಡ್ಡೇ ಕೊಡಲ್ಲ" ಅಂತ ನಕ್ಕರು. ಹಸಿ ಮರ ಒಣಗ್ತಾ ಕುಗ್ಗಿ, ತಿರುಚಿಕೊಂಡು, ಗೂಟದ ಸುತ್ತ ಇನ್ನೂ ಬಿಗಿಯಾಗುತ್ತೆ ಅಂತ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹ್ಞೂಂ, ಆಗುತ್ತೆ" ಅಂದ್ರು.

ಮೂರನೇ ಚಿತ್ರ ನೋಡಿ. ಮನೆ ಸೊಟ್ಟ ಇರೋದು ನನ್ನ ಕೈ ನಡುಗಿ ಅಲ್ಲ, ಅದು ಇರೋದೇ ಹಾಗೆ. 1560ರ ದಶಕದಲ್ಲಿ ಹೆಬ್ಬಾಗಿಲಿನ ಕಡೆಯ ಭಾಗ ಕಟ್ಟೋವಾಗ, ಕೆಲಸ ಶುರುವಾದ ಮೇಲೆ ಹೊಳೆದ ಯೋಚನೆ ಅನ್ನೋ ಹಾಗೆ, ತಲೆ ಮೇಲೆ ಇನ್ನೊಂದು ಮಹಡಿ ಬಂತು. 68 ಅಡಿ ಉದ್ದದ ಒಂದೇ ಹಜಾರ, ಲಾಂಗ್ ಗ್ಯಾಲರಿ. ಮಳೆ ಬಂದ್ರೆ ಮನೆಯವರು ಅಲ್ಲೇ ಆಚೆ ಈಚೆ ಓಡಾಡ್ತಿದ್ರು. ಅದರ ಮೇಲೆ ಹೆಂಚಲ್ಲ, ಕಲ್ಲಿನ ಚಪ್ಪಡಿಗಳ ಸೂರು. ಆ ಭಾರಕ್ಕೆ ಕೆಳಗಿನ ಮಹಡಿಗಳು ಬಾಗಿ ಹೊರಗೆ ಉಬ್ಬಿಕೊಂಡವು.

ಅಪ್ಪ ಲೋಟ ಕೆಳಗಿಟ್ಟು ಹೇಳಿದ್ದು: "ಓನರ್‌ಗಳು ಎಲ್ಲಾ ಕಡೆ ಒಂದೇ. ಅಳತೆ ಎಲ್ಲ ಮುಗಿದ ಮೇಲೆ ಮೇಲೊಂದು ರೂಮ್ ಬೇಕು ಅಂತಾರೆ."

(3/4)

ಈಗ ನನ್ನ ನಿದ್ದೆ ಕೆಡಿಸಿದ ವಿಷಯಕ್ಕೆ ಬರ್ತೀನಿ.

ಅಂಗಳದ ಕಡೆಗೆ ಚಾಚಿಕೊಂಡಿರೋ ಎರಡಂತಸ್ತಿನ ಕಿಟಕಿಗಳಿವೆ, ನಾಲ್ಕನೇ ಚಿತ್ರ. ಅದರ ಮರದ ಪಟ್ಟಿ ಮೇಲೆ ಅಕ್ಷರ ಕೆತ್ತಿದಾರೆ. ದೇವರ ಹೆಸರು ಮೊದಲು. ಆಮೇಲೆ 1559ನೇ ಇಸವಿಯಲ್ಲಿ ಈ ಕಿಟಕಿಗಳನ್ನ ಮಾಡಿದ್ದು ವಿಲಿಯಂ ಮೋರ್ಟನ್ ಅಂತ. ಅದರ ಜೊತೆಗೇ, ಈ ಕಿಟಕಿಗಳನ್ನ ಮಾಡಿದ್ದು ಬಡಗಿ ರಿಚರ್ಡ್ ಡೇಲ್ ಅಂತ. ಕಾರ್ಪೆಂಟರ್ ಅನ್ನೋ ಪದಾನ 'ಕಾರ್ಪೆಡರ್' ಅಂತ ಕೆತ್ತಿದಾರೆ. ಸ್ಪೆಲ್ಲಿಂಗ್ ಹೇಗಾದ್ರೂ ಇರಲಿ, 460 ವರ್ಷ ದಾಟಿದ್ರೂ ಹೆಸರು ಅಲ್ಲೇ ಇದೆ.

ಗಮನಿಸಿದ್ರಾ? ಯಜಮಾನನಿಗೂ 'ಮಾಡಿದ್ದು', ಬಡಗಿಗೂ 'ಮಾಡಿದ್ದು'. ಇಬ್ಬರಿಗೂ ಒಂದೇ ಕ್ರಿಯಾಪದ.

ಕನ್ನಡದಲ್ಲಿ ನಮಗೆ ಈ ತಾಪತ್ರಯ ಇಲ್ಲ. ಹೈಸ್ಕೂಲಲ್ಲಿ ಪ್ರೇರಣಾರ್ಥಕ ಅಂತ ಉರು ಹೊಡೆದಿದ್ವಲ್ಲ, 'ಇಸು' ಪ್ರತ್ಯಯ. ಮಾಡಿದ್ದು ಒಬ್ಬರು, ಮಾಡಿಸಿದ್ದು ಇನ್ನೊಬ್ಬರು. ಕಟ್ಟಿದ್ದು, ಕಟ್ಟಿಸಿದ್ದು. ಒಂದೇ ಒಂದು 'ಸಿ', ಅದರೊಳಗೆ ಕೆಲಸ ಮಾಡಿದ ಎಲ್ಲರೂ ಇದಾರೆ. ಆದ್ರೆ ಮಾತಾಡೋವಾಗ ನಾವು ಏನಂತೀವಿ? "ಅವ್ರು ಜಯನಗರದಲ್ಲಿ ಮನೆ ಕಟ್ಟಿದ್ರು." ಆ 'ಸಿ' ನುಂಗಿಬಿಡ್ತೀವಿ. ಅದರ ಜೊತೆಗೆ ನಮ್ಮಪ್ಪನೂ ಹೋದ್ರು.

ಬಾಗಿಲು ಪೂಜೆ ದಿನ ಅಪ್ಪಂಗೆ ಪಂಚೆ, ಶಲ್ಯ, ಎಲೆ ಅಡಿಕೆ ಕೊಡ್ತಾರೆ, ಸುಳ್ಳು ಹೇಳಬಾರದು. ಆದ್ರೆ ಗ್ರಾನೈಟ್ ಕಲ್ಲಿನ ಮೇಲೆ ಹೆಸರು ಓನರ್‌ದು.

(4/4)

ಮೋರ್ಟನ್ ಮನೆತನದ ಕಥೆ ಚಿಕ್ಕದಾಗಿ ಹೇಳ್ತೀನಿ. 1640ರ ದಶಕದ ಅಂತರ್ಯುದ್ಧದಲ್ಲಿ ಅವರು ರಾಜನ ಪಕ್ಷ, ಸೋತ ಪಕ್ಷ. ಸಾಲ ಆಯ್ತು, ಮನೆ ಬಿಟ್ಟರು, ಗೇಣಿ ರೈತರು ಬಂದರು. ಹೊಸ ಫ್ಯಾಷನ್‌ಗೆ ತಕ್ಕ ಹಾಗೆ ಒಡೆದು ಕಟ್ಟಿಸೋಕೆ ಯಾರ ಹತ್ರಾನೂ ದುಡ್ಡಿರಲಿಲ್ಲ, ಹಾಗಾಗಿ ಹಳೇದು ಹಾಗೇ ಉಳೀತು. 1938ರಲ್ಲಿ ನ್ಯಾಷನಲ್ ಟ್ರಸ್ಟ್ ಕೈಗೆ ಬಂತು. ಕಟ್ಟಿಸಿದವರ ಮನೆತನ ಇವತ್ತು ಅಲ್ಲಿ ವಾಸ ಇಲ್ಲ. ಬಡಗಿ ಇನ್ನೂ ಕಿಟಕಿ ಮೇಲೆ ಇದಾನೆ.

ಈಗ ನನ್ನ ಕಥೆ. ಫಸ್ಟ್ ಇಯರ್ ಅಡ್ಮಿಷನ್ ಫಾರ್ಮ್‌ನಲ್ಲಿ 'ತಂದೆಯ ಉದ್ಯೋಗ' ಅನ್ನೋ ಜಾಗದಲ್ಲಿ ನಾನು 'ಬಿಸಿನೆಸ್' ಅಂತ ಬರೆದಿದ್ದೆ. ಕ್ಯೂನಲ್ಲಿ ನನ್ನ ಮುಂದಿದ್ದೋಳು ಹಾಗೇ ಬರೆದಿದ್ಲು, ಅವರಪ್ಪಂದು ನಿಜವಾಗ್ಲೂ ಬಿಸಿನೆಸ್. ಪೋಷಕರ ಸಹಿಗೆ ಫಾರ್ಮ್ ಅಪ್ಪನ ಕೈಗೆ ಕೊಟ್ಟೆ. ಅಪ್ಪ ಯಾವ ಕಾಗದಕ್ಕೂ ಓದದೆ ಸಹಿ ಹಾಕಲ್ಲ. ಮೇಲಿಂದ ಕೆಳಗಿನವರೆಗೆ ಓದಿದ್ರು. ಆ ಸಾಲಿನ ಹತ್ರ ಬೆರಳು ಒಂದು ಕ್ಷಣ ನಿಂತಿತು. ಉಗುರಿನ ಸಂದಿಲಿ ಫೆವಿಕಾಲ್ ಒಣಗಿತ್ತು. ಏನೂ ಕೇಳಲಿಲ್ಲ. ಸಹಿ ಹಾಕಿ ಕೊಟ್ಟು, "ಫೀಸ್ ಎಷ್ಟು?" ಅಂದ್ರು.

ಎರಡು ವರ್ಷ ಆ ಬೆರಳು ನನ್ನ ಕಣ್ಣ ಮುಂದಿತ್ತು. ಅದರ ಬಗ್ಗೆ ಮಾತಾಡೋ ಧೈರ್ಯ ಬಂದಿರಲಿಲ್ಲ.

ರಿಚರ್ಡ್ ಡೇಲ್ ವಿಷಯ ಓದಿದ ರಾತ್ರಿ ಕೇಳಿದೆ, "ಅಪ್ಪ, ನೀವು ಎಲ್ಲಾದ್ರೂ ನಿಮ್ಮ ಹೆಸರು ಕೆತ್ತಿದೀರಾ?" ನಕ್ಕುಬಿಟ್ರು. "ಹೆಸ್ರು ಯಾಕಮ್ಮ? ಮಳೆಗಾಲದಲ್ಲಿ ಬಾಗಿಲು ಹಿಡೀದೆ ಇದ್ರೆ ಸಾಕು."

ಹೋದ ವಾರ ಫೈನಲ್ ಇಯರ್ ಫಾರ್ಮ್ ತುಂಬಿದೆ. ಅದೇ ಜಾಗದಲ್ಲಿ 'ಬಡಗಿ' ಅಂತ ಬರೆದೆ. ಅಪ್ಪ ಮೇಲಿಂದ ಕೆಳಗಿನವರೆಗೆ ಓದಿದ್ರು. ಈ ಸಲವೂ ಏನೂ ಹೇಳಲಿಲ್ಲ. ಸಹಿ ಮಾತ್ರ ಯಾವತ್ತಿಗಿಂತ ನಿಧಾನವಾಗಿ ಹಾಕಿದ್ರು, ಪೂರ್ತಿ ಹೆಸರು.

ನಿಮ್ಮನೆ ಬಾಗಿಲು ಮಾಡಿದವರ ಹೆಸರು ಗೊತ್ತಾ ನಿಮಗೆ? ಗೊತ್ತಿದ್ರೆ ಕೆಳಗೆ ಬರೀರಿ. ಗೊತ್ತಿಲ್ಲ ಅಂದ್ರೆ ಮನೇಲಿ ದೊಡ್ಡವರನ್ನ ಕೇಳಿ, ಆಮೇಲೆ ಬನ್ನಿ. ಕಾಯ್ತೀನಿ.

#ನೋಡದಮನೆಗಳು #ಲಿಟಲ್‌ಮೋರ್ಟನ್‌ಹಾಲ್ #ಬಡಗಿ