ಅನ್ಯಭಾಷೆಗೆ ಅರ್ಥ ಕೇಳಬಾರದಾ?

ನಮ್ಮ ಮಿಡಿಗೇಶಿ ಕಡೆ ಕನ್ನಡದ ಜೊತೆ ತೆಲುಗೂ ಓಡಾಡುತ್ತೆ. ಅರ್ಥ ಆಗದಿದ್ರೆ ‘ಏನಂದ್ರಿ?’ ಅಂತ ಕೇಳ್ತೀವಿ. ಪ್ರಾರ್ಥನಾ ಸಭೆಯಲ್ಲಿ ಮಾತ್ರ ಯಾಕೆ ಕೇಳಬಾರದು?

ಅಲ್ಲಿ ಒಬ್ಬರು ಅನ್ಯಭಾಷೆಯಲ್ಲಿ ಮಾತಾಡಿದರು. ಇನ್ನೊಬ್ಬರು ಅದಕ್ಕೆ ಅರ್ಥ ಹೇಳಿದರು: ನಮ್ಮಕ್ಕ ಶುಗರ್ ಮಾತ್ರೆ ಬಿಡಬೇಕಂತೆ!

ಮನೆಗೆ ಬಂದು ಇಬ್ಬರೂ ಬೈಬಲ್ ತೆಗೆದೆವು. ಅಪೊಸ್ತಲರ ಕೃತ್ಯಗಳು 2ನೇ ಅಧ್ಯಾಯದಲ್ಲಿ ಪಾರ್ಥಿಯರು, ಮೇದ್ಯರು, ರೋಮಿನವರು ಕೇಳಿಸಿಕೊಂಡದ್ದು ತಮ್ಮ ತಮ್ಮ ಭಾಷೆಯನ್ನೇ. 1 ಕೊರಿಂಥ 14ರಲ್ಲಿ ಪೌಲ ಹಾಕಿದ ನಿಯಮ ಇನ್ನೂ ಬಿಗಿ: ಹೆಚ್ಚೆಂದರೆ ಮೂವರು, ಅದೂ ಸರದಿಯಂತೆ; ಅರ್ಥ ಹೇಳುವವರಿಲ್ಲದಿದ್ದರೆ ಸಭೆಯಲ್ಲಿ ಮೌನ. ಪ್ರವಾದನೆಯನ್ನೂ ಕೇಳಿದವರು ವಿವೇಚಿಸಬೇಕು.

ಅಕ್ಕ ಪ್ರಾರ್ಥನೆ ಬಿಟ್ಟಿಲ್ಲ, ಮಾತ್ರೆಯನ್ನೂ ಬಿಟ್ಟಿಲ್ಲ. ಪ್ರಶ್ನೆ ಕೇಳಿದರೆ ವಿಶ್ವಾಸ ಕಮ್ಮಿ ಅಂತ ಯಾರಾದ್ರೂ ಅಂದ್ರೆ, ಆ ಅಧ್ಯಾಯವನ್ನೇ ತೆಗೆದು ಓದಿಸಿ.